ಒಂದೇ ಕಂಠದ ಎರಡು ದನಿ

ಗಾಯಕನೊಬ್ಬನು ಒಂದು ಚರಣವನ್ನು ಹಾಡಿ ಮುಗಿಸಿದ ಮೇಲೆ ಅದನ್ನೇ ಅದೇ ಶ್ರುತಿಯಲ್ಲಿ, ಅದೇ ಲಯದಲ್ಲಿ ಮತ್ತೊಮ್ಮೆ ಹಾಡಿ, ಆ ಎರಡು ಮುದ್ರಣಗಳನ್ನೂ ಒಟ್ಟಿಗೆ ಕೇಳಿಸಿದರೆ, ಮೊದಲು ತೆಳುವಾಗಿ ತೋರುತ್ತಿದ್ದ ಕಂಠಕ್ಕೆ ಒಂದು ಬಗೆಯ ಗಾತ್ರವೂ ಕಾಂತಿಯೂ ಒದಗುವುದುಂಟು. ಧ್ವನಿಮುದ್ರಣಾಲಯದವರು ಡಬ್ಲಿಂಗ್ ಎಂದು ಕರೆಯುವ ಈ ಉಪಾಯದ ಮರ್ಮವೆಲ್ಲ ಆ ಎರಡು ಗಾಯನಗಳ ನಡುವೆ ಉಳಿಯುವ ಅತ್ಯಲ್ಪ ಭೇದದಲ್ಲಿದೆ. ಎಂತಹ ನಿಪುಣನೇ ಆಗಲಿ, ಎರಡನೆಯ ಸಲ ಹಾಡುವಾಗ ಒಂದು ಅಕ್ಷರವು ಕೂದಲೆಳೆಯಷ್ಟು ಹಿಂದೆ ಬೀಳುವುದು, ಒಂದು ಸ್ವರವು ಲೇಶಮಾತ್ರ ಮೇಲೇರುವುದು, ಒಂದೆಡೆ ಉಸಿರು ಹೆಚ್ಚು ಕೇಳುವುದು; ಈ ಭೇದಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದರಿಂದಲೇ ನಾದವು ತುಂಬಿಕೊಂಡಂತೆ ಕಿವಿಗೆ ಭಾಸವಾಗುವುದು. ಮೊದಲ ಮುದ್ರಣದ ಪಡಿಯಚ್ಚನ್ನೇ ಅದರ ಮೇಲೆ ಇರಿಸಿದರೆ ದನಿ ಜೋರಾದೀತೇ ಹೊರತು ಪುಷ್ಟವಾಗದು. ಕಳೆದ ಎಂಬತ್ತು ವರ್ಷಗಳಿಂದ ಯಂತ್ರಜ್ಞರು ಪಟ್ಟ ಪಾಡೆಲ್ಲ ಈ ಭೇದವನ್ನು ಹಿಡಿಯುವುದಕ್ಕಾಗಿಯೇ ಎಂದು ನನಗೆ ತೋರುತ್ತದೆ.

ನಾದವನ್ನು ಇಮ್ಮಡಿಸಬೇಕೆಂಬ ಬಯಕೆ ಧ್ವನಿಮುದ್ರಣದಿಂದಲೇ ಹುಟ್ಟಿದ್ದಲ್ಲ. ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸದೆಂಬ ಕೊರಗಿನಿಂದ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಜೊತೆ ತಂತಿಗಳನ್ನು ಬಿಗಿದು ಏಳು ತಂತಿಯ ಪಿಟೀಲನ್ನು ರೂಢಿಗೆ ತಂದುದನ್ನು ನಮ್ಮವರು ಬಲ್ಲರು. ತಂತಿಗೆ ತಂತಿಯನ್ನು ಜೊತೆಗೂಡಿಸಬಹುದು, ಮನುಷ್ಯನಿಗಾದರೋ ಕಂಠವೊಂದೇ. ಆದುದರಿಂದ ಕಂಠದ ಜೋಡಿಯು, ಒಮ್ಮೆ ಹಾಡಿದ್ದನ್ನು ಹಿಡಿದಿಟ್ಟುಕೊಂಡು ಅದರ ಜೊತೆಯಲ್ಲಿ ಮತ್ತೆ ಹಾಡಿಸಬಲ್ಲ ಯಂತ್ರಕ್ಕಾಗಿ ಕಾಯಬೇಕಾಯಿತು.

ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿಯೇ ಈ ಪ್ರಯೋಗ ಆರಂಭವಾಯಿತು. 1941ರಲ್ಲಿ ಅಮೆರಿಕದ ಜಾಸ್ ವಾದಕ ಸಿಡ್ನಿ ಬೆಷೆ ಒಂದೇ ಹಾಡಿನ ವಾದ್ಯಗಳನ್ನೆಲ್ಲ ತಾನೊಬ್ಬನೇ ಒಂದಾದ ಮೇಲೊಂದರಂತೆ ನುಡಿಸಿ ಸೇರಿಸಿದನು. ಕೆಲವು ವರ್ಷಗಳ ಬಳಿಕ ಗಾಯಕಿ ಪ್ಯಾಟಿ ಪೇಜ್, ‘ಕನ್ಫೆಸ್’ ಎಂಬ ಹಾಡಿಗೆ ಬೇಕಾದ ಹಿನ್ನೆಲೆ ಗಾಯಕರನ್ನು ಕರೆಸಲು ಹಣ ಸಾಲದೆ, ಆ ಭಾಗವನ್ನೂ ತಾನೇ ಹಾಡಿದಳು. ಬಡತನ ಕಲಿಸಿದ ಈ ಉಪಾಯವೇ 1950ರ ‘ಟೆನೆಸ್ಸೀ ವಾಲ್ಟ್ಜ್’ ವೇಳೆಗೆ ಆಕೆಯ ಗಾಯನದ ಗುರುತಾಗಿದ್ದಿತು. ಆದರೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಇಳಿಸುವಾಗಲೆಲ್ಲ ಗರಗರ ಸದ್ದು ಹೆಚ್ಚುತ್ತಿದ್ದುದರಿಂದ ಈ ದಾರಿಯಲ್ಲಿ ಬಹುದೂರ ನಡೆಯುವಂತಿರಲಿಲ್ಲ.

ಟೇಪು ಬಂದಮೇಲೆ ಈ ಕಲೆಗೆ ನೆಲೆ ಸಿಕ್ಕಿತು. ಸಿಗುವಂತೆ ಮಾಡಿದವರು ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಆತನ ಪತ್ನಿ ಮೇರಿ ಫೋರ್ಡ್. ಗಾಯಕ ಬಿಂಗ್ ಕ್ರಾಸ್ಬಿ ಕೊಟ್ಟ ಆಂಪೆಕ್ಸ್ ಯಂತ್ರಕ್ಕೆ ಲೆಸ್ ಪಾಲನು ಇನ್ನೊಂದು ಹೆಡ್ಡನ್ನು ಹೆಚ್ಚಾಗಿ ಕೂಡಿಸಿ, ಹಳೆಯದನ್ನು ಕೇಳುತ್ತಲೇ ಅದರೊಡನೆ ಹೊಸದನ್ನು ಬೆರೆಸಿ ಅದೇ ಟೇಪಿನ ಮೇಲೆ ಮುದ್ರಿಸುವ ಕ್ರಮವನ್ನು ರೂಪಿಸಿದನು. ಇದರಲ್ಲಿದ್ದ ಅಪಾಯವನ್ನು ಇಂದಿನವರು ಊಹಿಸಿಕೊಳ್ಳುವುದೂ ಕಷ್ಟ: ಹೊಸ ಪದರ ಮುದ್ರಿತವಾಗುವಾಗ ಹಳೆಯದು ಅಳಿಸಿಹೋಗುತ್ತಿದ್ದಿತು, ಕೊನೆಯ ಪದರದಲ್ಲಿ ಮೇರಿ ಒಂದಕ್ಷರ ತಪ್ಪಿದರೆ ಹಿಂದಿನ ಪದರಗಳೂ ಅದರೊಡನೆ ಹಾಳಾಗಿ ಮೊದಲಿನಿಂದ ಆರಂಭಿಸಬೇಕಾಗುತ್ತಿದ್ದಿತು. ಈ ಕತ್ತಿಯಲಗಿನ ನಡಿಗೆಯಲ್ಲಿ ಹುಟ್ಟಿದ ‘ಹೌ ಹೈ ದ ಮೂನ್’ 1951ರಲ್ಲಿ ಒಂಬತ್ತು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ನಿಂತಿತು. ಆ ಹಾಡನ್ನು ಇಂದು ಕೇಳಿದರೂ, ಒಬ್ಬಳೇ ಹೆಂಗಸು ಸೋದರಿಯರ ಗುಂಪಾಗಿ ಹಾಡುವ ಆ ಅಚ್ಚುಕಟ್ಟಿನ ಹಿಂದೆ ಎಷ್ಟು ದೊಡ್ಡ ಶಿಸ್ತಿದ್ದಿತೆಂಬುದನ್ನು ನೆನೆದು ಗೌರವ ಮೂಡುತ್ತದೆ.

1957ರಲ್ಲಿ ಗಾಯಕ ಬಡ್ಡಿ ಹಾಲಿ ‘ವರ್ಡ್ಸ್ ಆಫ್ ಲವ್’ ಹಾಡಿನಲ್ಲಿ ತನ್ನ ದನಿಗೆ ತಾನೇ ಜೊತೆಯಾದನು. 1963ರಿಂದ ಬೀಚ್ ಬಾಯ್ಸ್ ತಂಡದ ಬ್ರಿಯಾನ್ ವಿಲ್ಸನ್ ಇದನ್ನು ತನ್ನ ಮೇಳದ ಗಾಯನಕ್ಕೆಲ್ಲ ವಿಸ್ತರಿಸಿದನು. ಆದರೆ ಈ ಚರಿತ್ರೆಯ ತಿರುವು ಬಂದುದು ಲಂಡನ್ನಿನ ಆಬಿ ರೋಡಿನ ಇ.ಎಂ.ಐ. ಧ್ವನಿಮುದ್ರಣಾಲಯದಲ್ಲಿ, 1966ರಲ್ಲಿ. ಬೀಟಲ್ಸ್ ತಂಡದ ಜಾನ್ ಲೆನನ್ನನಿಗೆ ಜೋಡಿ ಕಂಠದ ಮೇಲೆ ಅತಿಶಯವಾದ ಮೋಹ, ಆದರೆ ಹಾಡಿದ್ದನ್ನೇ ಮತ್ತೆ ಹಾಡುವುದೆಂದರೆ ಅಷ್ಟೇ ಬೇಸರ. ಅಲ್ಲಿನ ಯಂತ್ರಜ್ಞ ಕೆನ್ ಟೌನ್‌ಸೆಂಡ್ ಈ ಬೇಸರಕ್ಕೆ ಪರಿಹಾರ ಹುಡುಕಿದನು. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ಡು ಮೊದಲು, ಕೇಳಿಸುವ ಹೆಡ್ಡು ಅದರ ಮುಂದೆ. ಮುದ್ರಿಸುವ ಹೆಡ್ಡಿನಿಂದಲೇ ಕಂಠವನ್ನು ಎತ್ತಿಕೊಂಡರೆ ಅದು ಒಂದಿಷ್ಟು ಮುಂಚಿತವಾಗಿ ಕೈಗೆ ಸಿಗುವುದು. ಹಾಗೆ ಮುಂಚಿತವಾಗಿ ಸಿಕ್ಕ ದನಿಯನ್ನು ಅವನು ಎರಡನೆಯ ಯಂತ್ರಕ್ಕೆ ಕಳುಹಿಸಿ ಮುದ್ರಿಸಿ, ಅಲ್ಲಿಯ ವಿಳಂಬದೊಡನೆ ಹಿಂದಕ್ಕೆ ತರಿಸಿ ಮೂಲಕ್ಕೆ ಸೇರಿಸಿದನು. ಎರಡನೆಯ ಯಂತ್ರದ ಮೋಟಾರಿನ ವೇಗವನ್ನು ಆಸಿಲೇಟರಿನ ಗುಂಡಿಯಿಂದ ಕೈಯಾರೆ ಏರಿಸಿ ಇಳಿಸುತ್ತಿದ್ದುದರಿಂದ ನಕಲು ದನಿಯು ಮೂಲಕ್ಕೆ ಒಮ್ಮೆ ಹತ್ತಿರ ಸರಿದು ಒಮ್ಮೆ ದೂರ ಸರಿಯುತ್ತಿದ್ದಿತು. ಎ.ಡಿ.ಟಿ. ಎಂದು ಹೆಸರಾದ ಈ ಕ್ರಮವು ‘ರಿವಾಲ್ವರ್’ ಸಂಪುಟದಲ್ಲಿ ಧಾರಾಳವಾಗಿ ಬಳಕೆಯಾಯಿತು. ವಿಳಂಬವೊಂದೇ ಸಾಲದು, ಅದು ತೂಗಾಡುತ್ತಲೂ ಇರಬೇಕು ಎಂಬುದನ್ನು ಸಾಧಿಸಿದ್ದರಲ್ಲಿಯೇ ಟೌನ್‌ಸೆಂಡನ ಪ್ರತಿಭೆಯನ್ನು ನಾನು ಕಾಣುತ್ತೇನೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1975ರಲ್ಲಿ ಈವೆಂಟೈಡ್ ಸಂಸ್ಥೆಯ ಎಚ್910 ಹಾರ್ಮನೈಸರ್ ಟೇಪಿನ ಹಂಗಿಲ್ಲದೆ ಡಿಜಿಟಲ್ ಕ್ರಮದಿಂದ ಶ್ರುತಿಯನ್ನು ಕದಲಿಸಿತು. ಮರುವರ್ಷ ಬಂದ ಬಾಸ್ ಸಂಸ್ಥೆಯ ಸಿಇ-1 ಪೆಟ್ಟಿಗೆಯು ಒಂದು ನಾದವನ್ನು ಹಲವಾಗಿ ಕೇಳಿಸುವ ಕೋರಸ್ ಪರಿಣಾಮವನ್ನು ವಾದಕನ ಕಾಲಡಿಗೆ ತಂದಿಟ್ಟಿತು. ಇವು ಸುಖಕರವೇ ಆದರೂ ಕೋರಸ್ಸಿನ ತೂಗಾಟದಲ್ಲಿ ಒಂದು ನಿಯತವಾದ ಆವರ್ತವಿರುವುದರಿಂದ, ಸ್ವಲ್ಪ ಹೊತ್ತು ಕೇಳಿದ ಕಿವಿ ಅದನ್ನು ಕಂಡುಹಿಡಿದುಬಿಡುವುದು. ಈ ಅನುಕೂಲಗಳೆಲ್ಲ ಕೈಯಳತೆಯಲ್ಲಿದ್ದ ಕಾಲದಲ್ಲಿಯೂ ಐರ್ಲೆಂಡಿನ ಗಾಯಕಿ ಎನ್ಯಾ, ನಿರ್ಮಾಪಕ ನಿಕಿ ರಯನ್ನನ ಜೊತೆಯಲ್ಲಿ, ಪದರದ ಮೇಲೆ ಪದರವಾಗಿ ತನ್ನ ಕಂಠದಿಂದಲೇ ಹಾಡಿ, 1988ರ ‘ವಾಟರ್‌ಮಾರ್ಕ್’ ಸಂಪುಟದಲ್ಲಿ ಏಕಕಂಠದ ಮೇಳವೊಂದನ್ನು ಕಟ್ಟಿದಳು. ನಿರ್ವಾಣ ತಂಡದ 1991ರ ‘ನೆವರ್‌ಮೈಂಡ್’ ಮುದ್ರಣದ ವೇಳೆ, ಕಂಠವನ್ನು ಇಮ್ಮಡಿಸುವುದು ಕೃತಕವೆಂದು ಹಿಂಜರಿಯುತ್ತಿದ್ದ ಕರ್ಟ್ ಕೋಬೇನನನ್ನು ಒಲಿಸಲು ನಿರ್ಮಾಪಕ ಬುಚ್ ವಿಗ್, ಲೆನನ್ನನೂ ಹೀಗೆಯೇ ಮಾಡುತ್ತಿದ್ದನೆಂದು ಹೇಳಬೇಕಾಯಿತಂತೆ.

ಇಂದು ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆಂದೇ ಇರುವ ಪ್ಲಗಿನ್‌ಗಳು ಬೇಕಾದಷ್ಟು. ಟೌನ್‌ಸೆಂಡನ ಕ್ರಮವನ್ನೇ ಅನುಕರಿಸಿ, ಹಳೆಯ ಟೇಪ್ ಯಂತ್ರದ ಓಲಾಟವನ್ನೂ ಕೂಡಿಸಿಕೊಡುವ ಸಾಫ್ಟ್‌ವೇರನ್ನು ವೇವ್ಸ್ ಸಂಸ್ಥೆಯು ಆಬಿ ರೋಡಿನವರೊಡನೆ ಸೇರಿ ಹೊರತಂದಿದೆ. ಇದಕ್ಕೆ ವಿರುದ್ಧವಾದ ಕೆಲಸ ಮಾಡುವುದು ವೋಕಲೈನ್ ಎಂಬ ಸಾಫ್ಟ್‌ವೇರ್: ನಿಜವಾಗಿ ಎರಡು ಬಾರಿ ಹಾಡಿದ್ದನ್ನು ಅಕ್ಷರಕ್ಕೆ ಅಕ್ಷರ ಹೊಂದುವಂತೆ ಅದು ಜರುಗಿಸಿಕೊಡುತ್ತದೆ. ಇದರ ಜೊತೆಗೆ ಆಟೋಟ್ಯೂನಿನಿಂದ ಶ್ರುತಿಯನ್ನೂ ಸರಿಪಡಿಸಿಬಿಟ್ಟರೆ, ಗಾಯಕನು ಶ್ರಮಪಟ್ಟು ತಂದ ಭೇದವೆಲ್ಲ ಒರೆಸಿಹೋಗಿ, ಎರಡು ಬಾರಿ ಹಾಡಿಸಿದ್ದೇ ವ್ಯರ್ಥವಾಗುವುದು. ಈಚಿನ ಅನೇಕ ಚಿತ್ರಗೀತೆಗಳಲ್ಲಿ ಕಂಠವು ಎಷ್ಟೇ ಪದರಗಳಿದ್ದರೂ ಗಾಜಿನಂತೆ ನುಣುಪಾಗಿ, ನಿರ್ಜೀವವಾಗಿ ಕೇಳುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಭೇದವನ್ನು ಎಲ್ಲೆಡೆಯೂ ಬಿಡುವಂತಿಲ್ಲ. ಸ್ವರಾಕ್ಷರಗಳಲ್ಲಿ ಸೊಗಸೆನಿಸುವ ಕಾಲಭೇದವೇ ವ್ಯಂಜನಗಳಲ್ಲಿ ಕಿರಿಕಿರಿಯಾಗುವುದು; ಎರಡು ಸಕಾರಗಳು ಬೇರೆ ಬೇರೆಯಾಗಿ ಸೀಳಿದರೆ ಪದವೇ ಒಡೆಯುವುದು. ಕನ್ನಡದಂತೆ ಒತ್ತಕ್ಷರ ತುಂಬಿದ ನುಡಿಯಲ್ಲಿ ಈ ತೊಡಕು ಇನ್ನೂ ಹೆಚ್ಚು: ‘ಮುತ್ತು’ ಎಂಬಲ್ಲಿ ನಾಲಗೆ ತಡೆದು ಬಿಡುವ ಆ ಗಳಿಗೆ ಎರಡು ದನಿಗಳಲ್ಲಿಯೂ ಏಕವಾಗದಿದ್ದರೆ ಒಂದು ತಕಾರ ಇನ್ನೊಂದನ್ನು ತುಳಿದಂತೆ ಕೇಳುವುದು. ಅದಕ್ಕಾಗಿಯೇ ಬಲ್ಲ ನಿರ್ಮಾಪಕರು ಎರಡನೆಯ ಬಾರಿ ಹಾಡಿಸುವಾಗ ವ್ಯಂಜನಗಳನ್ನು ಮೆಲ್ಲಗೆ ಮುಟ್ಟಿ ಸ್ವರಗಳನ್ನು ಮಾತ್ರ ತುಂಬಿ ಹಾಡುವಂತೆ ಗಾಯಕರಿಗೆ ತಿಳಿಸುವರು. ಆ ಜೋಡಿ ದನಿಯನ್ನು ಮೂಲಕ್ಕಿಂತ ತಗ್ಗಿಸಿ, ಪಲ್ಲವಿ ಬಂದಾಗಲಷ್ಟೆ ಎಡಕ್ಕೊಂದು ಬಲಕ್ಕೊಂದಾಗಿ ಹರಡಿ, ಚರಣ ಬಂದೊಡನೆ ಅದನ್ನು ಹಿಂತೆಗೆದು ಒಂಟಿ ಕಂಠಕ್ಕೆ ಎಡೆಮಾಡಿಕೊಡುವರು.