ಪಹಣಿಯಲ್ಲಿ ಹೆಸರು

ತಂದೆ ತೀರಿಕೊಂಡ. ಹೊಲವನ್ನು ಮಗನೇ ಉಳುತ್ತಿದ್ದಾನೆ. ಊರೆಲ್ಲ ಅದನ್ನು ಒಪ್ಪುತ್ತದೆ. ಆದರೆ ಸಾಲ ಕೊಡುವ ಬ್ಯಾಂಕಿನವರು ಒಪ್ಪುವುದಿಲ್ಲ. ಪಹಣಿಯಲ್ಲಿ ಇನ್ನೂ ತಂದೆಯ ಹೆಸರೇ ಇದೆ. ಆ ಒಂದು ಹೆಸರು ಬದಲಾಗಲು ಎಷ್ಟು ಸಲ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತಿತ್ತೆಂಬುದನ್ನು, ಹಳ್ಳಿಯ ನಂಟು ಇನ್ನೂ ಕಳಚದ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕಚೇರಿಯ ನಿತ್ಯದ ಒಪ್ಪಿಗೆಗಳನ್ನು ಯಂತ್ರದ ಸರದಿಗೆ ಒಳಪಡಿಸಿದ ಕಥೆಯನ್ನು ನಮ್ಮ ನಾಡಿನ ಮಟ್ಟಿಗೆ ಈ ಹೆಸರಿನಿಂದಲೇ ಆರಂಭಿಸುವುದು ಲೇಸು.

'ಕಡತ' ಎಂಬ ಮಾತನ್ನು ತಾವು ಕೇಳಿಯೇ ಇದ್ದೀರಿ. ಇಂದು ಅದು ಕಚೇರಿಯ ಫೈಲು. ಹಿಂದೆ ಅದು ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಪುಸ್ತಕವಾಗಿತ್ತು. ಬರೆಯುತ್ತಿದ್ದುದು ಬಳಪದಲ್ಲಿ, ಅಳಿಸಿ ಮತ್ತೆ ಬರೆಯಬಹುದಿತ್ತು. ಹಳ್ಳಿಯ ಲೆಕ್ಕ ಬರೆಯುವವನು ಶಾನುಭೋಗ. ಅವನನ್ನು ಕಥೆಗಳ ಖಳನನ್ನಾಗಿ ಮಾಡುವುದು ರೂಢಿಯಾಗಿದೆ. ಅದು ಪೂರ್ತಿ ನ್ಯಾಯವಲ್ಲ. ಯಾರ ಬದು ಎಲ್ಲಿ ಮುಗಿಯುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲವರು ಅವರಲ್ಲಿದ್ದರು. 1961ರ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ವಂಶಪಾರಂಪರ್ಯದ ಗ್ರಾಮಾಧಿಕಾರ ಮುಗಿಯಿತು. ಸರಕಾರದ ಸಂಬಳ ಪಡೆಯುವ ಗ್ರಾಮಲೆಕ್ಕಿಗ ಬಂದ. ಆದರೆ ದಫ್ತರ ಅವನ ಕೈಯಲ್ಲೇ ಉಳಿಯಿತು. ಅದನ್ನು ಯಾವಾಗ ತೆರೆಯಬೇಕೆಂಬ ಇಷ್ಟವೂ ಅವನದೇ ಆಯಿತು.

2000ದ ಸುಮಾರಿಗೆ 'ಭೂಮಿ' ಯೋಜನೆ ಬಂದಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ದಾಖಲೆಗಳು ಗಣಕಯಂತ್ರಕ್ಕೆ ಏರಿದವು. ಆಗ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆಯಬಹುದಾಗಿತ್ತು. ಒಳಗೆ ನಡೆಯುವ ಕೆಲಸ ಹೊರಗಿನವನಿಗೂ ಕಾಣಲೆಂದು ಇನ್ನೊಂದು ತೆರೆಯನ್ನು ರೈತನತ್ತ ತಿರುಗಿಸಿ ಇಟ್ಟಿದ್ದರು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿದ್ದು ದಿಟ್ಟ ಹೆಜ್ಜೆ. ಹಾಗೆ ಮಾಡದಿದ್ದರೆ ಹಳೆಯ ದಫ್ತರವೂ ಹೊಸ ಯಂತ್ರವೂ ಜೊತೆಜೊತೆಗೆ ನಡೆದು, ಜನ ಎರಡು ಕಡೆಯೂ ತೆರಬೇಕಾಗುತ್ತಿತ್ತು.

ಆದರೆ ಪಹಣಿಯ ಪ್ರತಿ ಕೊಡುವುದು ಸುಲಭದ ಮಾತು. ಖಾತೆ ಬದಲಾವಣೆಯಲ್ಲಿ ಒಬ್ಬ ಅಧಿಕಾರಿ 'ಆಗಲಿ' ಎನ್ನಬೇಕು. ಅಲ್ಲಿ ಯಂತ್ರ ಮಾಡಿದ್ದು ಇಷ್ಟೇ: ಅರ್ಜಿಗೆ ಸಂಖ್ಯೆ ಕೊಟ್ಟು, ಮೊದಲು ಬಂದದ್ದನ್ನು ಮೊದಲು ಮುಂದಿಟ್ಟಿತು. ತಕರಾರಿಗಾಗಿ ನೋಟೀಸು ಹೊರಟು 30 ದಿನ ಕಾಯುವುದು ಕಾನೂನಿನಲ್ಲಿ ಮೊದಲೇ ಇತ್ತು. ಅವಧಿ ಕಳೆದ ಮೇಲೆ ತಕರಾರಿಲ್ಲದಿದ್ದರೆ ಕಂದಾಯ ನಿರೀಕ್ಷಕ ಮಂಜೂರು ಮಾಡಬೇಕು. ಬೇಕಾದವನ ಅರ್ಜಿಯನ್ನು ಮೇಲೆತ್ತಿ, ಬೇಡದವನದನ್ನು ಅಡಿಗೆ ತಳ್ಳುವ ಹಳೆಯ ಕೈಚಳಕಕ್ಕೆ ಇಲ್ಲಿ ಎಡೆ ಸಿಗದಂತೆ ಮಾಡಿದ್ದರು. ನೌಕರ ಬೆರಳಚ್ಚು ಒತ್ತಿಯೇ ಯಂತ್ರದೊಳಗೆ ಹೋಗಬೇಕಾದ್ದರಿಂದ, ಈ ಕೆಲಸ ತನ್ನದಲ್ಲವೆಂದು ಆಮೇಲೆ ಹೇಳುವುದೂ ಕಷ್ಟವಾಯಿತು.

ಅಣ್ಣತಮ್ಮಂದಿರು ಜಗಳವಾಡಿ ತಕರಾರು ಹಾಕಿದರೆ? ಅರ್ಜಿ ಈ ಸರದಿಯಿಂದ ಹೊರಬಿದ್ದು ವಿಚಾರಣೆಗೆ ಹೋಗುತ್ತದೆ. ಅಲ್ಲಿ ಮನುಷ್ಯನೇ ಕುಳಿತು ಕೇಳಬೇಕು. ಅದು ಹಾಗೆಯೇ ಇರತಕ್ಕದ್ದೆಂದು ನನ್ನ ಮತ. ಸರದಿಯಲ್ಲಿದ್ದೂ ನಿಧಾನವಾದ ಕೆಲಸಕ್ಕೆ 'ಸಕಾಲ' ಕಾಯಿದೆ 2011ರಲ್ಲಿ ಒಂದು ಬೆಲೆ ಕಟ್ಟಿತು: ಗೊತ್ತುಮಾಡಿದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಪರಿಹಾರ. ಅದನ್ನು ತಪ್ಪಿತಸ್ಥ ನೌಕರನ ಸಂಬಳದಿಂದಲೇ ವಸೂಲು ಮಾಡಬಹುದು.