ಹಾವುಮೀನಿನ ಹಾಸಿಗೆ

ಮನೆಯೊಡನೆ ಒಂದಿಷ್ಟು ತೋಟವೂ ಇರಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಪೇಟೆಯಲ್ಲಿ ನಿವೇಶನವು ಇಕ್ಕಟ್ಟಾದರೆ ನಾವು ಮೊದಲು ಬಿಟ್ಟುಕೊಡುವುದು ತೋಟವನ್ನೇ. ಇಂತಹ ಇಕ್ಕಟ್ಟಿನಲ್ಲಿಯೂ ಗಿಡ, ನೀರು, ಬೆಳಕುಗಳನ್ನು ಶತಮಾನಗಳ ಕಾಲ ಮನೆಯೊಳಗೆ ಉಳಿಸಿಕೊಂಡವರು ಜಪಾನಿನ ಕ್ಯೋಟೋ ನಗರದ ವರ್ತಕರು. ಅವರ ಮನೆಗಳಿಗೆ 'ಮಾಚಿಯ' ಎಂದು ಹೆಸರು.

ಕ್ರಿ. ಶ. 794ರಲ್ಲಿ ರಾಜಧಾನಿಯಾದ ಈ ನಗರವನ್ನು ಪಗಡೆಯ ಹಾಸಿನಂತೆ ಚೌಕ ಚೌಕವಾಗಿ ವಿಂಗಡಿಸಿದ್ದರು. ಒಂದೊಂದು ಚೌಕದ ಪಕ್ಕವೂ ಸುಮಾರು 120 ಮೀಟರು. ವ್ಯಾಪಾರವು ಬೆಳೆದಂತೆಲ್ಲ ಪ್ರತಿಯೊಬ್ಬ ವರ್ತಕನಿಗೂ ಬೀದಿಗೆ ಮುಖವಾದ ಅಂಗಡಿ ಬೇಕಾಯಿತು. ಬೀದಿಯ ಅಂಚಾದರೋ ಪರಿಮಿತವಾದುದು. ಆದುದರಿಂದ ನಿವೇಶನಗಳು ಮುಂದೆ 5-6 ಮೀಟರು ಮಾತ್ರ ಅಗಲವಾಗಿ, ಹಿಂದಕ್ಕೆ 20-30 ಮೀಟರು ನೀಳವಾದುವು. ಅಲ್ಲಿಯ ಜನರೇ ಇದನ್ನು 'ಹಾವುಮೀನಿನ ಹಾಸಿಗೆ' ಎಂದು ಹಾಸ್ಯಮಾಡಿದರು. 1590ರ ಸುಮಾರಿನಲ್ಲಿ ಅಧಿಪತಿಯಾಗಿದ್ದ ಟೊಯೊಟೋಮಿ ಹಿಡೆಯೋಷಿಯು ಅನೇಕ ಚೌಕಗಳ ನಡುವೆ ಹೊಸ ಬೀದಿಗಳನ್ನು ತೆಗೆಸಿದನು. ಅಲ್ಲಿಯೂ ಮನೆಗಳ ಸಾಲು ಎದ್ದಿತು.

ಎಡಬಲಗಳಲ್ಲಿ ನೆರೆಮನೆಯ ಗೋಡೆ, ಕಿಟಕಿಗೆ ಎಡೆಯಿಲ್ಲ. ಬೆಳಕು ಮೇಲಿನಿಂದಲೇ ಇಳಿಯಬೇಕು. ಆದುದರಿಂದ ಮುಂದಿನ ಅಂಗಡಿಗೂ ಹಿಂದಿನ ವಾಸದ ಕೊಠಡಿಗಳಿಗೂ ನಡುವೆ ಆಕಾಶಕ್ಕೆ ತೆರೆದ ಸಣ್ಣ ಅಂಗಳವೊಂದನ್ನು ಬಿಟ್ಟರು. ಇದೇ 'ತ್ಸುಬೊನಿವ'. ತ್ಸುಬೊ ಎಂದರೆ ಎರಡು ಚಾಪೆಗಳಷ್ಟು ಜಾಗ, ಸುಮಾರು 3.3 ಚದರ ಮೀಟರು. ಅಷ್ಟರಲ್ಲಿಯೇ ನೆರಳಿನಲ್ಲಿ ಬೆಳೆಯುವ ಜರೀಗಿಡಗಳು, ಪಾಚಿ, ಕಲ್ಲಿನ ದೀಪ, ನೀರಿನ ಕಲ್ಲುಬಾನಿ. ನಮ್ಮ ತೊಟ್ಟಿಯ ಮನೆಗಳನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ.

ಮನೆಯ ಹಿಂದೆ ಇನ್ನೂ ದೊಡ್ಡದೊಂದು ತೋಟ. ಅದರಾಚೆ ಬೆಂಕಿಗೆ ಜಗ್ಗದ ದಪ್ಪ ಮಣ್ಣುಗೋಡೆಯ ಉಗ್ರಾಣ. ಬಿಸಿಲು ಬಿದ್ದ ಕಡೆ ಗಾಳಿಯು ಕಾದು ಮೇಲೇರಿದಾಗ, ನೆರಳಿನ ಅಂಗಳದ ತಂಪು ಗಾಳಿಯು ಕೊಠಡಿಗಳ ಮೂಲಕ ಹರಿದುಬರುವುದು. ಬೇಸಗೆಯಲ್ಲಿ ಕಾಗದದ ಬಾಗಿಲುಗಳನ್ನು ತೆಗೆದು ಜೊಂಡಿನ ತಡಿಕೆಗಳನ್ನು ಇಡುತ್ತಿದ್ದರು. ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಹೀಗೆ ತೋಟವು ಅಲಂಕಾರಕ್ಕಿಂತ ಹೆಚ್ಚಾಗಿ ಮನೆಯ ಉಸಿರಾಗಿದ್ದಿತು.

ಆದರೆ ಈ ಉಸಿರು ಒಬ್ಬನ ಸ್ವತ್ತಲ್ಲವೆಂಬುದನ್ನು ನಾವು ಗಮನಿಸಬೇಕು. ಸಾಲಿನ ಮನೆಗಳೆಲ್ಲವೂ ತಗ್ಗಾಗಿದ್ದು, ಹಿತ್ತಲಿನ ತೋಟಗಳು ಒಂದರ ಪಕ್ಕದಲ್ಲೊಂದು ಬಂದುದರಿಂದ ಚೌಕದ ಒಡಲಿನಲ್ಲಿ ಹಸುರಿನ ಪಟ್ಟಿಯೊಂದು ಏರ್ಪಟ್ಟಿತು. ನೆರೆಯವನು ಎತ್ತರಕ್ಕೆ ಕಟ್ಟಿದರೆ ಇವನ ಅಂಗಳಕ್ಕೆ ಕತ್ತಲೆ.

1788 ಮತ್ತು 1864ರ ಮಹಾ ಅಗ್ನಿಗಳಲ್ಲಿ ನಗರದ ಬಹುಭಾಗವು ಸುಟ್ಟುಹೋಯಿತು. ಜನರು ಮತ್ತೆ ಅದೇ ಕ್ರಮದಲ್ಲಿ ಕಟ್ಟಿಕೊಂಡರು. ಬೆಂಕಿಯಿಂದಾಗದ ಕೆಲಸವು ಅನಂತರ ಬೇರೆ ಬಗೆಯಲ್ಲಿ ಆಯಿತು. 1950ರ ಕಟ್ಟಡದ ಕಾನೂನಿನಿಂದ ಹಳೆಯ ಮಾದರಿಯ ಮರದ ಮನೆಗಳನ್ನು ಹೊಸದಾಗಿ ಕಟ್ಟುವುದು ದುಸ್ತರವಾಯಿತು. ನೆಲದ ಬೆಲೆಯು ಏರಿ, ಸಾಲಿನ ನಡುವೆ ಎತ್ತರದ ಕಟ್ಟಡಗಳು ಎದ್ದುವು. 2016ರ ಗಣತಿಯಲ್ಲಿ ಉಳಿದಿದ್ದ ಮಾಚಿಯಗಳು ಸುಮಾರು 40,000; ಅದಕ್ಕೆ ಹಿಂದಿನ 7 ವರ್ಷಗಳಲ್ಲಿ 5,000ಕ್ಕೂ ಹೆಚ್ಚು ಅಳಿದುಹೋಗಿದ್ದುವು.

ಕಿರಿದಾದ ನಿವೇಶನದಲ್ಲಿ ಮನೆ ಕಟ್ಟುವವರು ಇದರಿಂದ ಕಲಿಯತಕ್ಕದ್ದು ಎರಡು. ತೋಟಕ್ಕೆಂದು ಬಿಡುವ ಜಾಗವನ್ನು ಕೊಠಡಿಗಳೆಲ್ಲ ಮುಗಿದ ಮೇಲೆ ಹುಡುಕದೆ, ಮೊದಲೇ ಮನೆಯ ನಡುವೆ ಗೊತ್ತುಮಾಡಬೇಕು. ಎರಡನೆಯದಾಗಿ, ನಮ್ಮ ಅಂಗಳದ ಬೆಳಕು ನೆರೆಯವನ ಕೈಯಲ್ಲಿಯೂ, ಅವನದು ನಮ್ಮ ಕೈಯಲ್ಲಿಯೂ ಇರುವುದೆಂಬುದನ್ನು ಗೋಡೆಯನ್ನು ಎತ್ತುವ ಮುನ್ನ ನೆನೆಯಬೇಕು.