ಕೂಡಾಟದ ವೇಷ ಹಂಚಿಕೆ: ಮೇಳದ ಸ್ಥಾನಕ್ರಮವೂ ಪ್ರೇಕ್ಷಕರ ತರ್ಕವೂ

ಬೇರೆ ಬೇರೆ ಕಥೆಗಳ ವೀರರನ್ನು ಒಂದೆಡೆ ಸೇರಿಸುವ ಪದ್ಧತಿ ಕರ್ನಾಟಕದ ಕಲೆಗಳಲ್ಲಿ ಹಳೆಯದು. 12ನೇ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳು ಅಕ್ಕಪಕ್ಕದಲ್ಲೇ ಕಾಣಿಸಿದರೂ ಒಂದೊಂದು ಕಥೆಯೂ ತನ್ನ ಪಾಡಿಗೆ ಸಾಗುತ್ತದೆ. ಯಕ್ಷಗಾನದ ಪ್ರಸಂಗಗಳು, ಎಂದರೆ ಆಟಕ್ಕೆ ಆಧಾರವಾದ ಪದ್ಯರೂಪದ ಕಥೆಗಳು, ಈ ಗಡಿಯನ್ನು ಸಲೀಸಾಗಿ ದಾಟುತ್ತವೆ. ‘ಶರಸೇತು ಬಂಧನ’ದಲ್ಲಿ ಅರ್ಜುನ ಕಟ್ಟಿದ ಬಾಣಗಳ ಸೇತುವೆಯನ್ನು ರಾಮಾಯಣದ ಹನುಮಂತ ಮುರಿಯುತ್ತಾನೆ, ‘ಜಾಂಬವತಿ ಕಲ್ಯಾಣ’ದಲ್ಲಿ ರಾಮನ ಕಾಲದ ಜಾಂಬವಂತ ಕೃಷ್ಣನೊಡನೆ ಸೆಣಸುತ್ತಾನೆ, ‘ಕೃಷ್ಣಾರ್ಜುನ ಕಾಳಗ’ದಲ್ಲಿ ಗಯನೆಂಬ ಗಂಧರ್ವನಿಗೆ ಅಭಯವಿತ್ತ ಕಾರಣಕ್ಕೆ ಆಪ್ತ ಗೆಳೆಯರೇ ಎದುರಾಳಿಗಳಾಗುತ್ತಾರೆ. ಯಾರು ಹೆಚ್ಚು ಎಂಬ ಪ್ರಶ್ನೆ ಕಥೆಯೊಳಗೇ ಇದ್ದುದರಿಂದ, ಆ ಪಾತ್ರಗಳನ್ನು ಯಾರು ಮಾಡಬೇಕೆಂಬ ಚರ್ಚೆ ಪ್ರೇಕ್ಷಕರಲ್ಲಿ ಹುಟ್ಟಿದ್ದು ಸಹಜ.

ಈ ಚರ್ಚೆಗೆ ಕಾವು ತಂದವು ಕರಾವಳಿಯ ಜೋಡಾಟ ಮತ್ತು ಕೂಡಾಟಗಳು. ಎರಡು ಮೇಳಗಳು, ಅಂದರೆ ವೃತ್ತಿಪರ ತಂಡಗಳು, ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡಿ ತೋರಿಸುವುದು ಜೋಡಾಟ; ಅಲ್ಲಿ ಜನ ಯಾವ ರಂಗಸ್ಥಳದ ಕಡೆಗೆ ಸರಿದರು ಎಂಬುದೇ ತೀರ್ಪು. ಎರಡು ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಬೆರೆತು ಆಡುವುದು ಕೂಡಾಟ. ಜೋಡಾಟದ ಸ್ಪರ್ಧೆ ಕಣ್ಣೆದುರಿನಲ್ಲೇ ನಡೆದು ಮುಗಿಯುತ್ತಿತ್ತು; ಕೂಡಾಟದ ಸ್ಪರ್ಧೆಯಾದರೋ ಕರಪತ್ರದಲ್ಲಿ ಕಲಾವಿದರ ಹೆಸರುಗಳು ಅಚ್ಚಾದಾಗಲೇ ತೊಡಗುತ್ತಿತ್ತು.

ಇದಕ್ಕೆ ಮೇಳದ ಒಳರಚನೆಯೇ ಕಾರಣ. ಮೇಳದಲ್ಲಿ ಪ್ರತಿ ಕಲಾವಿದನಿಗೂ ನಿಗದಿಯಾದ ಸ್ಥಾನವಿರುತ್ತದೆ. ಹಾಡಿ ಆಟವನ್ನು ನಡೆಸುವ ಭಾಗವತನನ್ನೇ ಮೊದಲನೇ ವೇಷವೆಂದು ಎಣಿಸುವುದರಿಂದ, ಬಡಗುತಿಟ್ಟಿನಲ್ಲಿ, ಎಂದರೆ ಉತ್ತರದ ಶೈಲಿಯಲ್ಲಿ, ಪ್ರಮುಖ ಪಾತ್ರಧಾರಿ ‘ಎರಡನೇ ವೇಷಧಾರಿ’ ಎನಿಸುತ್ತಾನೆ. ಪುರುಷವೇಷ, ಸ್ತ್ರೀವೇಷ, ರಾಕ್ಷಸ ಪಾತ್ರಗಳ ಬಣ್ಣದ ವೇಷ, ಹಾಸ್ಯಗಾರ ಮೊದಲಾದವುಗಳಿಗೂ ತಮ್ಮ ತಮ್ಮ ಸ್ಥಾನಗಳುಂಟು. ಒಂದೇ ಮೇಳದ ಆಟದಲ್ಲಿ ಯಾವ ವೇಷ ಯಾರದ್ದೆಂಬುದು ಈ ಕ್ರಮದಿಂದಲೇ ತಿಳಿಯುತ್ತದೆ. ಆದರೆ ಎರಡು ಮೇಳಗಳು ಕೂಡಿದಾಗ ಒಂದು ಕರ್ಣನ ವೇಷಕ್ಕೆ ಇಬ್ಬರು ಹಕ್ಕುದಾರರಾಗುತ್ತಾರೆ, ಒಬ್ಬನು ಕರ್ಣನಾದರೆ ಇನ್ನೊಬ್ಬನಿಗೆ ಅದಕ್ಕೆ ಸಮತೂಕದ ಅರ್ಜುನನನ್ನೋ ಕೃಷ್ಣನನ್ನೋ ಕೊಡಬೇಕಾಗುತ್ತದೆ. ಹೀಗಾಗಿ ಎರಡು ಮುಖ್ಯ ಪಾತ್ರಗಳು ಸರಿಸಮನಾಗಿ ನಿಲ್ಲುವ ಪ್ರಸಂಗಗಳು ಕೂಡಾಟಕ್ಕೆ ಹೆಚ್ಚು ಒದಗಿ ಬಂದವು.

ತಿಟ್ಟುಗಳ, ಎಂದರೆ ಪ್ರಾದೇಶಿಕ ಶೈಲಿಗಳ, ಭೇದ ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೆಂಕುತಿಟ್ಟಿನಲ್ಲಿ ದೇಹವನ್ನು ಗಾಳಿಯಲ್ಲಿ ತಿರುಗಿಸಿ ಹಾರುವ ದಿಗಿಣಗಳಿಗೆ ಪ್ರಾಶಸ್ತ್ಯವಿದ್ದರೆ, ಉಡುಪಿಯಿಂದ ಉತ್ತರಕ್ಕೆ ಹಬ್ಬಿದ ಬಡಗಿನಲ್ಲಿ ಮೊಣಕಾಲೂರಿ ಸುತ್ತುವ ಮಂಡಿ ಕುಣಿತಕ್ಕೆ ಮನ್ನಣೆಯಿದೆ. ಚೆಂಡೆಯ ನುಡಿ, ಮುಖವರ್ಣಿಕೆ, ಕಿರೀಟ, ಮುಂಡಾಸುಗಳೂ ಬೇರೆ. ಆದ್ದರಿಂದ ತೆಂಕು-ಬಡಗು ಕೂಡಾಟದಲ್ಲಿ ಯಾವ ಭಾಗವತನ ಪದಕ್ಕೆ ಯಾವ ತಿಟ್ಟಿನ ವೇಷ ಕುಣಿಯಬೇಕೆಂಬುದೂ ಅಭಿಮಾನಿಗಳ ವಾದದ ವಿಷಯವಾಯಿತು.

ವೇಷಭೂಷಣ, ಕುಣಿತಗಳಿಲ್ಲದೆ ಮಾತಿನಿಂದಲೇ ಪಾತ್ರವನ್ನು ಕಟ್ಟುವ ತಾಳಮದ್ದಳೆಯಲ್ಲಿ ಈ ವಾದ ಬೇರೊಂದು ನೆಲೆಗೆ ಏರಿತು. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಡುವ ಮೇಳಗಳು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವುದರಿಂದ, ಮಳೆಗಾಲದ ಕೂಟಗಳಲ್ಲಿ ಅರ್ಥಧಾರಿಗಳು, ಎಂದರೆ ತಾಳಮದ್ದಳೆಯ ಮಾತುಗಾರರು, ಮೇಳದ ಹಂಗಿಲ್ಲದೆ ಒಂದಾಗುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾದರೆ ಅವರಿಗೆ ಎದುರು ರಾಮನಾಗಿ ಯಾರು ನಿಲ್ಲಬಲ್ಲರು, ಮಲ್ಪೆ ರಾಮದಾಸ ಸಾಮಗರೋ ಕುಂಬ್ಳೆ ಸುಂದರ ರಾಯರೋ ಇದ್ದರೆ ಸಂವಾದ ಯಾವ ದಾರಿ ಹಿಡಿದೀತು ಎಂದು ಲೆಕ್ಕ ಹಾಕುವ ಕೇಳುಗನಿಗೆ ಪಾತ್ರದ ಸ್ವಭಾವ, ಪುರಾಣದ ಆಧಾರ, ಕಲಾವಿದನ ವಾದಕ್ರಮ ಮೂರೂ ತಿಳಿದಿರಬೇಕಿತ್ತು.

ಕೂಡಾಟದ ಪದ್ಧತಿ ಎಲ್ಲೆಡೆ ಏಕೆ ಬೆಳೆಯಲಿಲ್ಲ ಎಂಬುದನ್ನು ಹಾಸನ ಜಿಲ್ಲೆಯ ಕಡೆ ನೋಡಿದರೆ ತಿಳಿಯುತ್ತದೆ. ಬೇಲೂರು ತಾಲ್ಲೂಕಿನ ಬಿಕ್ಕೋಡು ಕಾಫಿ ತೋಟಗಳ ಮಲೆನಾಡಿನ ಅಂಚಿನಲ್ಲಿದ್ದು, ಅದರ ಪೂರ್ವಕ್ಕೆ ಅರಸೀಕೆರೆಯ ಬಯಲುಸೀಮೆಯೂ ಪಶ್ಚಿಮಕ್ಕೆ ಘಟ್ಟವಿಳಿದರೆ ಕರಾವಳಿಯ ಮೇಳಗಳ ನಾಡೂ ಇವೆ. ಬಯಲುಸೀಮೆಯ ಯಕ್ಷಗಾನ ಪ್ರಕಾರವಾದ ಮೂಡಲಪಾಯದಲ್ಲಿ ಊರಿನ ರೈತರೇ ಭಾಗವತರಿಂದ ಆಟ ಕಲಿತು ತಮ್ಮೂರಿನಲ್ಲೇ ಆಡುತ್ತಿದ್ದರು. ಅಲ್ಲಿ ಪಾತ್ರ ಹಂಚಿಕೆ ಊರೊಳಗಿನ ಮಾತುಕತೆಯಲ್ಲಿ ತೀರುತ್ತಿತ್ತೇ ಹೊರತು, ಸಂಬಳಕ್ಕೆ ದುಡಿದು ಊರೂರು ಸುತ್ತುವ ಪ್ರತಿಸ್ಪರ್ಧಿ ಮೇಳಗಳಿಲ್ಲದೆ ಕೂಡಾಟಕ್ಕೆ ಬೇಕಾದ ನೆಲೆಯೇ ಇರಲಿಲ್ಲ. ಕಥೆ, ಪಾತ್ರಗಳು ಎರಡೂ ಕಡೆ ಬಹುಮಟ್ಟಿಗೆ ಒಂದೇ ಆಗಿದ್ದುದರಿಂದ, ವ್ಯತ್ಯಾಸವನ್ನು ತಂದದ್ದು ವೃತ್ತಿಯ ವ್ಯವಸ್ಥೆಯೇ ಎನ್ನಬೇಕು.

20ನೇ ಶತಮಾನದಲ್ಲಿ ಟಿಕೆಟಿನ ಡೇರೆ ಮೇಳಗಳು ಬಲಗೊಂಡಾಗ ಈ ವ್ಯವಸ್ಥೆಯೂ ಬದಲಾಯಿತು. ಸಾಲಿಗ್ರಾಮ, ಪೆರ್ಡೂರು ಮುಂತಾದ ಮೇಳಗಳ ಹೆಸರಿನಷ್ಟೇ ಭಾಗವತ ಕಾಳಿಂಗ ನಾವಡ (1958–1990), 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ ಅವರಂಥವರ ಹೆಸರೂ ಜನರನ್ನು ಸೆಳೆಯತೊಡಗಿತು. ಮೇಳಕ್ಕಿದ್ದ ಅಭಿಮಾನ ಕಲಾವಿದನ ಕಡೆ ವಾಲಿದಂತೆ, ಮೇಳದ ಸ್ಥಾನಕ್ರಮದ ಬದಲು ಪ್ರೇಕ್ಷಕರ ಬಯಕೆಯೇ ವೇಷ ಹಂಚಿಕೆಯನ್ನು ನಿರ್ಧರಿಸುವ ಸಂದರ್ಭಗಳು ಹೆಚ್ಚಿದವು. ಅತಿಥಿ ಕಲಾವಿದರನ್ನು ಆಯ್ದು ಸೇರಿಸಿದ ಆಟಗಳು ಈಗ ಸಾಮಾನ್ಯವಾಗಿವೆ. ಇದರಿಂದ ಜೊತೆಯಾಗಿ ತಿರುಗಾಟ ಮಾಡಿದವರಲ್ಲಿ ಬೆಳೆಯುವ ಹೊಂದಾಣಿಕೆಗೆ ಪೆಟ್ಟು ಬಿದ್ದಿದೆ ಎಂಬ ಆಕ್ಷೇಪ ನಿರಾಧಾರವಲ್ಲ. ಆದರೆ ಯಾವ ಪಾತ್ರಕ್ಕೆ ಯಾರು, ಅವರೆದುರು ಯಾರು, ಏಕೆ ಎಂದು ಕಾರಣ ಕೊಟ್ಟು ವಾದಿಸಿದ ಪ್ರೇಕ್ಷಕರಿಂದಲೇ ಯಕ್ಷಗಾನಕ್ಕೆ ಬರಹದ ವಿಮರ್ಶೆಗಿಂತ ಮೊದಲು ಬಾಯಿಮಾತಿನ ವಿಮರ್ಶೆ ದೊರೆಯಿತು, ಮತ್ತು ಕಲಾವಿದರು ಹೆಚ್ಚು ಅಂಜುತ್ತಿದ್ದುದೂ ಅದಕ್ಕೇ.